ಜಿಂಕೆ ಮೆಚ್ಚಿದ ಚಲಪತಿ

ಜಿಂಕೆ ಚಲಪತಿಯ ಅಂಗಿಯ ತೋಳು ಜಗಿಯುತ್ತಿತ್ತು.

"ಅಲ್ಲಾಡ್ಬೇಡಿ," ಮಮತ ಪಿಸುಗುಟ್ಟಿದಳು.

"ನಾನೆಲ್ರೀ ಅಲ್ಲಾಡ್ತಿದೀನಿ? ಅದೇ ಎಳೀತಿದೆ."

ಬಂಡೆಯ ಹಿಂದಿನಿಂದ ಸುನಿಲ್‌ಕುಮಾರ್ ಇಣುಕಿದ. "ಗುರು, ಕಾಡು ಜಿಂಕೆ ಕಣೋ! ನಾವು ಉಸಿರು ಬಿಟ್ರೆ ಓಡೋದು, ನಿನ್ನ ಹತ್ರ ಎಲ್‌ಕೆಜಿ ಮಗು ಥರ ಬಂದು ನಿಂತಿದೆಯಲ್ಲೋ!"

ದಾಬಸ್‌ಪೇಟೆಯ ಫ್ಯಾಕ್ಟರಿಯಲ್ಲಿ ಮೂವರದೂ ಒಂದೇ ಶಿಫ್ಟು. ಮದುವೆಯ ಮಾತೆತ್ತಿದ ಚಲಪತಿಗೆ ಮಮತ, "ಬಾಯಿ ಬಿಟ್ರೆ ಬುರುಡೆ ನೀವು. ಪ್ರಾಣಿಗಳಿಗೆ ಮನುಷ್ಯರ ಮನಸ್ಸು ಗೊತ್ತಾಗುತ್ತೆ. ನಮ್ಮೂರ ಬೆಟ್ಟಕ್ಕೆ ಬನ್ನಿ. ಜಿಂಕೆ ನಿಮ್ಮನ್ನ ನಂಬಿದ್ರೆ ನಾನೂ ನಂಬ್ತೀನಿ," ಎಂದಿದ್ದಳು. ಆಗಲ್ಲ ಎನ್ನುವುದನ್ನು ನೋವಾಗದಂತೆ ಹೇಳಿದ್ದೆ ಎಂದುಕೊಂಡಿದ್ದಳು.

ಮಳೆ ಮುಗಿದು ಬೆಟ್ಟದ ಹುಲ್ಲು ಕೆಂಪಗಾಗುವ ಹೊತ್ತಿಗೆ, ಈ ಭಾನುವಾರ, ಚಲಪತಿ ಬಂದೇಬಿಟ್ಟಿದ್ದ. ಆಯುಧಪೂಜೆಗೆ ಫ್ಯಾಕ್ಟರಿ ಎಲ್ಲರಿಗೂ ಹಂಚಿದ್ದ ಕಿತ್ತಳೆ ಬಣ್ಣದ ಅಂಗಿ ತೊಟ್ಟು. ಅದನ್ನು ತೊಡುವ ಧೈರ್ಯ ಬೇರೆ ಯಾರೂ ಮಾಡಿರಲಿಲ್ಲ.

"ನನ್ನ ಮನಸ್ಸು ಅದಕ್ಕೆ ಗೊತ್ತಾಗಿದೆ," ಎಂದ ಚಲಪತಿ.

ಮಮತ ಮೊದಲ ಸಲ ಅವನನ್ನು ಸರಿಯಾಗಿ ನೋಡಿದಳು. "ಮನೆಗೆ ಬನ್ನಿ. ಅಪ್ಪನ ಹತ್ರ ಮಾತಾಡಿ."

ಇಳಿಯುವಾಗ ಜಿಂಕೆ ಹಿಂದೆಯೇ ಬಂತು. ಪೊದೆಯಿಂದ ಇನ್ನೆರಡು ಸೇರಿಕೊಂಡವು. ಸುನಿಲ್ ಬಾಯಲ್ಲೇ ವಾಲಗ ಊದತೊಡಗಿದ.

ಬೆಟ್ಟದ ಬುಡದ ಅವರೆ ಹೊಲದಲ್ಲಿ ಮಮತಳ ಅಪ್ಪ ವೆಂಕಟರಾಮಪ್ಪ ತಟ್ಟೆ ಬಡಿಯುತ್ತ ಎದುರಾದರು. "ಯಾವನಲಾ ಅವನು, ಜಿಂಕೆ ಹೊಡ್ಕೊಂಡು ನನ್ನ ಹೊಲಕ್ಕೇ ಬರ್ತಿರೋನು!"

"ಅಪ್ಪಾ, ಇವರನ್ನ ಕಂಡ್ರೆ ಜಿಂಕೆಗೆ ಪ್ರೀತಿ."

"ಇವನನ್ನಲ್ಲ ಕಣವ್ವ. ಅಂಗಿನಾ!"

ಹೊಲದ ನಡುವೆ ಬೆದರುಬೊಂಬೆ ನಿಂತಿತ್ತು. ಮೈಮೇಲೆ ಅಂಥದೇ ಕಿತ್ತಳೆ ಅಂಗಿ. ಮಮತ ಹಬ್ಬಕ್ಕೆ ಅಪ್ಪನಿಗೆ ತಂದುಕೊಟ್ಟದ್ದು. ಸುತ್ತ ಒಂದು ಅವರೆಕಾಯಿಯೂ ಉಳಿದಿರಲಿಲ್ಲ.

"ಹಬ್ಬದಿಂದ ಅದರ ಕಾಲಬುಡದಲ್ಲೇ ಮೇಯ್ತಾವೆ. ಆ ಬಣ್ಣ ಕಂಡ್ರೆ ಊಟಕ್ಕೆ ಎಲೆ ಹಾಕಿದಂಗೆ!"

ಹಿಂದಿನಿಂದ ಜಿಂಕೆ ಗುಮ್ಮಿತು. ಚಲಪತಿ ಗುಂಡಿ ಹಾರುವಂತೆ ಅಂಗಿ ಕಿತ್ತು, ಬೊಂಬೆಯತ್ತ ಎಸೆದು, ಬರಿಮೈಯಲ್ಲಿ ಕೈಬೀಸಿ ಅರಚಿದ. ಜಿಂಕೆಗಳು ಅವನನ್ನೊಮ್ಮೆ ನೋಡಿದವು. ಮರುಕ್ಷಣ ಬೆಟ್ಟದ ಅರ್ಧಕ್ಕೆ ಹಾರಿದ್ದವು.

ವೆಂಕಟರಾಮಪ್ಪನವರ ಕೈಯಿಂದ ತಟ್ಟೆ ಜಾರಿತು. ಬಂದು ಚಲಪತಿಯ ಹೆಗಲ ಮೇಲೆ ಕೈಯಿಟ್ಟರು. "ಎಲಾ ಇವನ! ಪಟಾಕಿಗೂ ಹೆದರದವು ಕಣಪ್ಪಾ ಅವು. ದಿನಾ ಸಂಜೆ ಹಿಂಗೇ ಬಂದು ನಿಂತ್ಕೋ. ನಮ್ಮ ಮಮತ ಕೈಯಾರೆ ಕಾಫಿ ಕೊಡ್ತಾಳೆ."

ಚಲಪತಿ ಎದೆ ಮುಚ್ಚಿಕೊಂಡು, ಆಸೆಯಿಂದ ಮಮತಳತ್ತ ನೋಡಿದ.

"ಕೊಡಲ್ಲ," ಎಂದಳು ಮಮತ.