ಬಡಗಿ ಇಲ್ಲದ ಕಂತು

ನನ್ನ ನೆನಪನ್ನು ನಾನು ನಂಬುವುದಿಲ್ಲ. ಎಂ.ಎ. ಓದುವಾಗ ಅಂಟಿದ ಚಟ, ದಿನಕ್ಕೊಂದು ಪುಟ ದಿನಚರಿ ಬರೆಯುತ್ತೇನೆ. ಆದರೂ ಕೊಡೆ ಎಲ್ಲಿಟ್ಟೆ ಎಂದು ಹೆಂಡತಿಯನ್ನೇ ಕೇಳಬೇಕು. ದಿನಚರಿಗೂ ಮುಂಚಿನ ಕೆಲವು ನೆನಪುಗಳನ್ನು ಮಾತ್ರ ಯಾವ ಪರೀಕ್ಷೆಗೂ ಒಡ್ಡದೆ ಜೋಪಾನ ಮಾಡಿಕೊಂಡು ಬಂದಿದ್ದೆ. ಹೋದ ತಿಂಗಳು ಅವುಗಳಲ್ಲೊಂದಕ್ಕೆ ನಾನೇ ಕೈಯಾರೆ ಕುತ್ತು ತಂದುಕೊಂಡೆ.

ಬಂಗಾರಪೇಟೆಯ ನಮ್ಮ ಮನೆಯಲ್ಲಿ ಈಗ ಸಂಜೆ ಕಾಫಿಯ ಜೊತೆ ಹಳೆಯ ಹಿಂದಿ ಪತ್ತೇದಾರಿ ಧಾರಾವಾಹಿಯೊಂದು ನಡೆಯುತ್ತದೆ. ಹುಡುಗನಾಗಿದ್ದಾಗ ಚಿನ್ನದ ಗಣಿಯ ಊರು ಉರಿಗಾಂನಲ್ಲಿ, ನಮ್ಮ ಸಾಲಿನ ಮನೆಗಳಿಗೆಲ್ಲ ಇದ್ದ ಒಂದೇ ಟಿವಿಯಲ್ಲಿ ನೋಡಿದ್ದು. ಈಗ ಮೊಬೈಲಿನಲ್ಲಿ ಸಿಕ್ಕಿದೆ. ಪತ್ತೇದಾರ ಜಡಿಮಳೆಯಲ್ಲಿ ಓಡಿ ಬಂದರೂ ಕೋಟು ಒದ್ದೆಯಾಗುವುದಿಲ್ಲ. ಒಂದು ಕಂತಿನಲ್ಲಿ ಸತ್ತ ಗುಮಾಸ್ತ ಇನ್ನೊಂದರಲ್ಲಿ ಪೋಸ್ಟ್‌ಮ್ಯಾನ್ ಆಗಿ ಬಂದು ಕಾಗದ ಕೊಡುತ್ತಾನೆ. ಹೆಂಡತಿ ಇದನ್ನೆಲ್ಲ ಬೆರಳು ಮಡಚಿ ಎಣಿಸುವಾಗ, ಸಾಹುಕಾರ ಸಾಯುವ ಕಂತು ಬರಲಿ, ಆಮೇಲೆ ಮಾತಾಡು ಎಂದು ಸವಾಲು ಹಾಕಿದ್ದೆ.

ನನ್ನ ನೆನಪಿನಲ್ಲಿದ್ದ ಆ ಕಂತಿನಲ್ಲಿ ಬಾಗಿಲಿಗೆ ಒಳಗಿನಿಂದ ಚಿಲಕ, ಕಿಟಕಿಗೆ ಕಂಬಿ. ಕೊಂದವನು ಬಡಗಿ, ಕಂಬಿ ಕಬ್ಬಿಣದ್ದಲ್ಲ, ಅವನೇ ಕಪ್ಪು ಬಣ್ಣ ಬಳಿದು, ಬೇಕೆಂದಾಗ ಕೀಳುವ ಹಾಗೆ ಕೂರಿಸಿದ ಮರದ್ದು. ನಮ್ಮಪ್ಪ ಗಣಿಯೊಳಗೆ ಮರದ ಆಸರೆ ನಿಲ್ಲಿಸುವ ಕೆಲಸದಲ್ಲಿದ್ದವರು. ನನ್ನ ಕಿವಿಗೆ ಬಗ್ಗಿ, "ಕಳ್ಳನ್ಮಗ, ಕೆಲ್ಸ ಗೊತ್ತಿರೋನು ಕಣ್ಲಾ," ಅಂದಿದ್ದರು. ಶಿಫ್ಟು ಮುಗಿಸಿ ಮನೆಗೆ ಮಲಗಲು ಮಾತ್ರ ಬರುತ್ತಿದ್ದ ಅಪ್ಪ ನನ್ನ ಪಕ್ಕ ಕೂತು ಆಡಿದ ಮಾತುಗಳಲ್ಲಿ ಉಳಿದಿರುವುದು ಇದೊಂದೇ. ಅಪ್ಪ ಈಗಿಲ್ಲ.

ಕಂತು ಬಂತು. ಸಾಹುಕಾರ ಸತ್ತ. ಪತ್ತೇದಾರ ಅಳಿಯನ ಕೊರಳಪಟ್ಟಿ ಹಿಡಿದು, ನೀನು ಕಿಟಕಿಯಿಂದ ಪಾರಾದೆ ಎಂದ. ಕಂಬಿ ಅವರ ಬೆನ್ನ ಹಿಂದೆಯೇ ಗಟ್ಟಿಯಾಗಿ ನಿಂತಿತ್ತು. ಕತೆ ಮುಗಿಯಿತು.

"ಬಡಗಿ ಎಲ್ಲಿ?" ಅಂದಳು ಹೆಂಡತಿ.

ಎರಡು ಸಲ ಹಿಂದಕ್ಕೆ ಹಾಕಿ ನೋಡಿದೆ. ಇಡೀ ಕಂತಿನಲ್ಲಿ ಒಂದು ಉಳಿಯೂ ಇರಲಿಲ್ಲ. ಬಡಗಿಯೇ ಇಲ್ಲದ ಮೇಲೆ ಅಪ್ಪ ಹೊಗಳಿದ್ದು ಯಾರನ್ನು? ಬಡಗಿಯ ಹಿಂದೆ ಅಪ್ಪನೂ ನನ್ನ ಪಕ್ಕದಿಂದ ಎದ್ದು ಹೋಗುತ್ತಿರುವ ಹಾಗಾಯಿತು.

ಭಾನುವಾರ ಆಂಡರ್ಸನ್‌ಪೇಟೆಗೆ ಹೋದೆ. ಆ ಟಿವಿಯ ಒಡತಿ ರತ್ನಮ್ಮತ್ತೆ ಈಗ ಅಲ್ಲಿದ್ದಾರೆ. ಗಂಡ ಮಿಲಿಟರಿಯಲ್ಲಿದ್ದಾಗ ಉತ್ತರದ ಕಡೆ ಸಂಸಾರ ಮಾಡಿ ಹಿಂದಿ ಕಲಿತವರು. ನಮ್ಮ ಸಾಲಿನಲ್ಲಿ ಇನ್ಯಾರಿಗೂ ಹಿಂದಿ ಬಾರದು. ಅತ್ತೆ ಟಿವಿ ಪಕ್ಕ ಸ್ಟೂಲು ಹಾಕಿಕೊಂಡು, ಅಲ್ಲಿ ಆಡಿದ್ದನ್ನು ಕೇಳಿ, ನಮ್ಮ ಕಡೆ ತಿರುಗಿ ಒಂದು ಗಳಿಗೆ ತಡೆದು, ಮೊದಲು ತಮಿಳಿನಲ್ಲಿ, ಆಮೇಲೆ ತೆಲುಗಿನಲ್ಲಿ, ಕೊನೆಗೆ ಕನ್ನಡದಲ್ಲಿ ಹೇಳುತ್ತಿದ್ದರು. ನಮ್ಮ ಸರದಿ ಬರುವಷ್ಟರಲ್ಲಿ ಎಷ್ಟೋ ಸಲ ಕೊಲೆಗಾರನ ಜಾಗದಲ್ಲಿ ಸೋಪಿನ ಜಾಹೀರಾತು ಬಂದಿರುತ್ತಿತ್ತು.

ಮೊಬೈಲು ಕೈಗೆ ಕೊಟ್ಟು, ಇದರಲ್ಲಿ ಬಡಗಿಯೇ ಇಲ್ಲವಲ್ಲ ಅತ್ತೆ, ನಿಮಗೆ ಹಿಂದಿ ಪೂರ್ತಿ ಅರ್ಥವಾಗುತ್ತಿರಲಿಲ್ಲವೇನೋ ಎಂದು ಮೆತ್ತಗೆ ಕೇಳಿದೆ. ಅವರು ಕನ್ನಡಕ ಒರೆಸಿಕೊಂಡು ಕೊನೆಯವರೆಗೂ ನೋಡಿದರು.

"ಇಂದಿ ಚೆನ್ನಾಗೇ ಬತ್ತಿತ್ತು ಕಣ್ಲಾ. ಕತೇನೇ ಚೆನ್ನಾಗಿರ್ಲಿಲ್ಲ. ಕಂಬಿ ಇರೋ ಕಿಟಕೀಲಿ ಮನ್ಸ ಎಂಗ್ಲಾ ಓಗ್ತಾನೆ? ಗಣಿ ಕೆಲ್ಸದೋರು ಅಷ್ಟು ಜನ ಕೂತವ್ರೆ, ಸುಮ್ನೆ ಬಿಡ್ತಾರಾ ನನ್ನ? ಅದಕ್ಕೇ ಒಬ್ಬ ಬಡಗೀನ ಆಕ್ದೆ."

ನಗು ಬಂತು, ಅದಕ್ಕಿಂತ ಹೆಚ್ಚಾಗಿ ಸಮಾಧಾನ. ಬಡಗಿ ಇದ್ದ. ಉಳಿದದ್ದು ಒಂದೇ ಪ್ರಶ್ನೆ. ಆವತ್ತು ಅಪ್ಪ ಬಂದಿದ್ದರಾ ಎಂದು ಕೇಳಿದೆ.

ಅತ್ತೆ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಗೆಲ್ಲ ಟಿವಿಯಿಂದ ನಮ್ಮ ಕಡೆ ತಿರುಗಿ, ಬಾಯಿ ತೆರೆಯುವ ಮುನ್ನ ತಡೆಯುತ್ತಿದ್ದರಲ್ಲ, ಅಷ್ಟೇ ಹೊತ್ತು.

"ಬಂದಿದ್ರು. ನಿನ್ ಪಕ್ಕಾನೇ ಕೂತಿದ್ರು. ಎಗಲ ಮ್ಯಾಲೆ ಕೈ ಆಕ್ಕಂಡು."

ಹೆಗಲ ಮೇಲಿನ ಕೈ ನನ್ನ ನೆನಪಿನಲ್ಲಿ ಇರಲಿಲ್ಲ. ಮತ್ತೆ ಕೇಳುವ ಧೈರ್ಯವಾಗಲಿಲ್ಲ. ಅವರು ಕೊಟ್ಟ ಕಾಫಿ ಕುಡಿದು ಬಸ್ಸು ಹತ್ತಿದೆ. ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಕೇಳಿ, ಯಾವ ಹೆಗಲು ಎಂದಳು.

ಎಡಗಡೆಯದು, ಅಂದೆ. ಅತ್ತೆಯಷ್ಟು ಹೊತ್ತು ಕೂಡ ತಡೆಯಲಿಲ್ಲ.