ಹದಿನಾಲ್ಕನೇ ನಂಬರಿನ ಟಗರು

ಬೆಳಿಗ್ಗೆ ಎಂಟಕ್ಕೆ ಕಸಬರಿಗೆ ಹಿಡಿದು ಕುರಿ ಶೆಡ್ಡಿಗೆ ಬಂದ ಸೈದಪ್ಪ, ಗೋಡೆಯ ಬಿಳಿ ಬೋರ್ಡು ನೋಡಿದವನೇ ಕಸಬರಿಗೆಯನ್ನು ಅಲ್ಲೇ ಬಿಟ್ಟುಬಿಟ್ಟ. ಹದಿನಾಲ್ಕು ಎಂಬ ಅಂಕಿಗೆ ಕೆಂಪು ಸುತ್ತು ಹಾಕಿತ್ತು. ಪಕ್ಕದಲ್ಲಿ 'ಸಂಜೆ ನಾಲ್ಕು' ಎಂದು ಬರೆದಿತ್ತು.

ಮಾದನಹಿಪ್ಪರಗಾದ ಹೊರಗಿನ ಆ ಪಶು ಸಂಶೋಧನಾ ಕೇಂದ್ರದಲ್ಲಿ ಕುರಿಗಳಿಗೆ ಮೇವು ಹಾಕುತ್ತಾ, ಹಿಕ್ಕೆ ಬಳಿಯುತ್ತಾ ಅವನಿಗೆ ಹನ್ನೊಂದು ವರ್ಷವಾಗಿತ್ತು. ಯಾವ ನಂಬರಿಗೆ ಕೆಂಪು ಸುತ್ತು ಬಿತ್ತೋ ಆ ಕುರಿ ಮರುದಿನ ಶೆಡ್ಡಿನಲ್ಲಿ ಇರುತ್ತಿರಲಿಲ್ಲ. ಒಳಗೆ ಏನಾಗಿದೆ ನೋಡಲು ಕೊಯ್ಯುತ್ತಾರೆ ಎಂದು ಗೇಟು ಕಾಯುವ ಏಜಾಜ ಒಮ್ಮೆ ಹೇಳಿದ್ದ. ಆಮೇಲೆ ಸೈದಪ್ಪ ಆ ಬಗ್ಗೆ ಯಾರನ್ನೂ ಕೇಳಲಿಲ್ಲ. ಕೇಳಿದರೆ ಸಂಜೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಆದರೆ ಹದಿನಾಲ್ಕು ಅಂದರೆ ಸೋಡಾ.

ಮೂರು ತಿಂಗಳ ಹಿಂದೆ ಆ ಟಗರಿನ ಎಡ ಶ್ವಾಸಕೋಶ ತೆಗೆದು, ಬೇರೊಂದು ಕುರಿಯ ಪುಪ್ಪುಸ ಕೂರಿಸಿ ಹೊಲಿದಿದ್ದರು. ಎಂಟು ಕುರಿಗಳಿಗೆ ಹಾಗೆ ಮಾಡಿದ್ದರು. ನಾಲ್ಕಕ್ಕೆ ಬರೀ ಗಾಳಿ, ನಾಲ್ಕಕ್ಕೆ ಉಸಿರಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ತುಸು ಹೆಚ್ಚು. ಗ್ಯಾಸ್ ಕುಡಿದ ನಾಲ್ಕರಲ್ಲಿ ಈ ಟಗರೂ ಒಂದು.

"ಅದು ಕೆಟ್ಟ ಗ್ಯಾಸ್ ಅಲ್ಲೇನ್ರಿ ಮೇಡಂ? ನಾವು ಹೊರಗ ಬಿಡಾದು?" ಎಂದು ಸೈದಪ್ಪ ಆ ಪ್ರಯೋಗ ನಡೆಸುತ್ತಿದ್ದ ಡಾಕ್ಟರ್ ಮೃಣಾಲಿನಿಯನ್ನು ಕೇಳಿದ್ದ.

"ಹೆಚ್ಚಾದ್ರ ಜೀವಾನೇ ತಗೀತದ ಕಾಕಾ. ಅಳತಿ ಮಾಡಿ ತುಸು ಕೊಟ್ರ ಕಾಯ್ತದೋ ಏನೋ ಅಂತ ನೋಡಾಕತ್ತೇವಿ. ಹೊಸ ಪುಪ್ಪುಸಕ್ಕ ಒಮ್ಮೆಲೇ ರಕ್ತ ನುಗ್ಗಿದ್ರ ಅದು ಊದ್ಕೊಂಡು ಕೆಡ್ತದ. ಈ ಗ್ಯಾಸ್ ಇದ್ರ ಊತ ಕಡಿಮಿ ಆಗಾಕತ್ತದ. ಸೋಡಾ ಬಾಟ್ಲಿಯೊಳಗ ಇರ್ತದಲ್ಲ, ಅದೇ ಗ್ಯಾಸ್."

ಸೈದಪ್ಪ ಅದನ್ನು ತನ್ನ ಲೆಕ್ಕದಲ್ಲಿ ತಿಳಿದುಕೊಂಡ. ಹೊಸ ಸೊಸೆ ಹೊಸ್ತಿಲು ದಾಟಿದ ಕೂಡಲೇ ನಲವತ್ತು ಮಂದಿ ಬೀಗರು ಮೈಮೇಲೆ ಬಿದ್ದರೆ ಅವಳು ಮೂರ್ಛೆ ಹೋಗುವುದೇ. ಆಗ ಒಬ್ಬ ಸೋದರತ್ತಿ ಬಾಗಿಲಲ್ಲಿ ನಿಂತು, "ಸಾವಕಾಶ ಬರ್ರಿ, ಒಬ್ಬೊಬ್ರೇ ಬರ್ರಿ" ಅನ್ನುತ್ತಾಳೆ. ಆ ಗ್ಯಾಸು ಅಂಥ ಸೋದರತ್ತಿ.

ಅಂದೇ ಟಗರಿಗೆ ಸೋಡಾ ಎಂದು ಹೆಸರಿಟ್ಟ. ಮೊದಲ ಹತ್ತು ದಿನ ಅದರ ಪಕ್ಕದಲ್ಲೇ ಕೂತು, ಗುಳಿಗೆಯನ್ನು ಬೆಲ್ಲದಲ್ಲಿ ಅದ್ದಿ ನುಂಗಿಸಿದ. ಅದು ಅವನ ಅಂಗೈಯಲ್ಲಿ ಮೂತಿ ಇಟ್ಟು ಉಸಿರಾಡುತ್ತಿತ್ತು. ಆ ಬಿಸಿ ಉಸಿರು ಒಂದೊಂದೂ ತಾನೇ ಎಣಿಸಿ ಕೊಟ್ಟಂತೆ ಅವನಿಗೆ ಅನಿಸುತ್ತಿತ್ತು.

ಅದನ್ನು ಕೊಯ್ಯುವುದೆ? ಇವತ್ತು ನಾಲ್ಕಕ್ಕೆ?

ಸೈದಪ್ಪ ಹುಟ್ಟಿದಾಗಿನಿಂದ ಒಂದು ಬೀಡಿಯನ್ನೂ ಕದ್ದವನಲ್ಲ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಕಳ್ಳನಾಗಿದ್ದ.

ಕೇಂದ್ರಕ್ಕೆ ದಿನಾ ಮೇವು ತರುವ ಗೂಡ್ಸ್ ಆಟೋದ ಮುಸ್ತಕೀಮನ ಕಾಲು ಮೊದಲು ಹಿಡಿದ. ಸೈದಪ್ಪನ ಮನೆಯಲ್ಲಿ ಹೆಂಡತಿ ಕಾಶಿಬಾಯಿ ಸಾಕಿದ ಟಗರೊಂದಿತ್ತು. ಹೆಸರು ಪೈಲ್ವಾನ. ಬಣ್ಣ, ಎತ್ತರ, ಕೊಂಬಿನ ಸುತ್ತು ಎಲ್ಲ ಸೋಡಾದಂತೆಯೇ. ಸ್ವಭಾವ ಮಾತ್ರ ಪೊಲೀಸ್ ಜೀಪಿನದು, ಎದುರಿಗೆ ಬಂದವರೇ ಸರಿಯಬೇಕು. ಓಣಿಯಲ್ಲಿ ಅದು ಗುದ್ದದ ಮೊಣಕಾಲಿರಲಿಲ್ಲ. ಕಾಶಿಬಾಯಿ ತೊಗರಿ ಹೊಲಕ್ಕೆ ಹೋಗಿದ್ದಳು.

"ಮಾಮಾ, ಕಾಕಿಗೆ ಗೊತ್ತಾದ್ರ?" ಎಂದ ಮುಸ್ತಕೀಮ.

"ಅದನ್ನ ಆಮ್ಯಾಲ ನೋಡೋಣು. ಸೋಡಾ ಮೂರು ತಿಂಗಳ ಎಷ್ಟು ತ್ರಾಸು ತಿಂದು ಬದಕ್ಯದ. ಇದು ಒಂದಿನಾನೂ ತ್ರಾಸು ತಿಂದಿಲ್ಲ. ಬರೀ ಕೊಟ್ಟದ."

ಪೈಲ್ವಾನ ಮೇವಿನ ಸಿವುಡುಗಳ ನಡುವೆ ಹಿಂದಿನ ಗೇಟಿನಿಂದ ಒಳಗೆ ಹೋಯಿತು. ಹದಿನಾಲ್ಕರ ಬಿಲ್ಲೆ ಅದರ ಕೊರಳಿಗೆ ಬಿತ್ತು. ಖಾಲಿ ಚೀಲಗಳ ಕೆಳಗೆ ಸೋಡಾ ಹೊರಗೆ ಬಂದಿತು. ಸೈದಪ್ಪ ಅದರ ಗುಳಿಗೆಯ ಪೊಟ್ಟಣವನ್ನೂ ಮರೆಯಲಿಲ್ಲ. ಓಣಿಯವರು ಕೇಳಿದರೆ ಹೇಳಲು ಒಂದು ಸುಳ್ಳನ್ನೂ ಹೊಂದಿಸಿಕೊಂಡ: ಪೈಲ್ವಾನನಿಗೆ ಇಂಜೆಕ್ಷನ್ ಮಾಡಿಸಿಕೊಂಡು ಬಂದೆ.

ಆಟೋ ಓಣಿ ಮುಟ್ಟಿದಾಗ ಪಕ್ಕದ ಮನೆಯ ಗುಲನಾಜ ಬಾಗಿಲಲ್ಲೇ ನಿಂತಿದ್ದಳು. ಸೋಡಾ ಆಟೋದಿಂದ ಇಳಿದು, ಅವಳ ಬಳಿ ನಡೆದು, ಕೈಯಲ್ಲಿದ್ದ ಮೆಂತ್ಯ ಸೊಪ್ಪನ್ನು ಮೆಲ್ಲಗೆ ಮೂಸಿ ಸುಮ್ಮನೆ ನಿಂತಿತು.

"ಯಾ ಅಲ್ಲಾ! ಸೈದಪ್ಪಣ್ಣ, ಮುಂಜಾನಿ ಇದೇ ಅಲ್ಲೇನ್ರಿ ನನ್ನ ಬಕೀಟು ಗುದ್ದಿ ಚಪ್ಪಟಿ ಮಾಡಿದ್ದು? ಈಗ ನೋಡಿದ್ರ ಹಜ್‌ಗೆ ಹೋಗಿ ಬಂದಂಗ ನಿಂತದ!"

"ಇಂಜೆಕ್ಷನ್ ಮಾಡ್ಸೀನಿ," ಎಂದ ಸೈದಪ್ಪ.

"ಎಂಥಾ ಇಂಜೆಕ್ಷನ್?"

"ಸಿಟ್ಟು ಕಡಿಮಿ ಆಗಾದು."

ಆ ಮಾತು ಹೇಳಬಾರದಿತ್ತು. ಹತ್ತು ನಿಮಿಷದಲ್ಲಿ ಅವನ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗುಲನಾಜಳ ಅತ್ತೆ ಮದೀನಾಬಿ ಕೋಲೂರಿಕೊಂಡು ಬಂದು, "ತಮ್ಮಾ, ನನ್ನ ಸೊಸಿಗೊಂದು ಕೊಡಸು," ಎಂದಳು. ಹಿಂದಿನಿಂದ ಗುಲನಾಜ, "ನಮ್ಮ ಅತ್ತಿಗೆ ಎರಡು ಬೇಕ್ರಿ," ಎಂದಳು.

ನಂದಕಿಶೋರ ಮಾಸ್ತರರು ಸೈದಪ್ಪನನ್ನು ಮೂಲೆಗೆ ಕರೆದು ದನಿ ತಗ್ಗಿಸಿದರು. "ಮನುಷ್ಯಾರಿಗೂ ನಡೀತದೇನು? ನಮ್ಮ ಮನ್ಯಾಗ ಇತ್ತೀಚಿಗೆ..."

"ಏನಂದ್ರಿ?" ಎಂದು ಎದುರು ಮನೆಯಿಂದ ಮಾಸ್ತರರ ಹೆಂಡತಿಯ ದನಿ ಬಂತು.

"ಹೋರಿಗೆ! ನಮ್ಮ ಹೋರಿಗೆ ಕೇಳಾಕತ್ತೇನಿ!"

ಅಷ್ಟರಲ್ಲಿ ಗುಲನಾಜ ಫೋನಿನಲ್ಲಿ ಕೂಗುತ್ತಿದ್ದಳು: "ಕಾಶಕ್ಕಾ, ಲಗೂನ ಬಾ ಬೇ! ನಿನ್ನ ಪೈಲ್ವಾನ ಸಾಧು ಆಗ್ಯದ! ನಿನ್ನ ಗಂಡ ಅದಕ್ಕೇನೋ ಸೂಜಿ ಚುಚ್ಚಿಸ್ಯಾನ!"

ಸೈದಪ್ಪ ಸೋಡಾದ ಮುಂದೆ ನೀರಿಟ್ಟು, ಮಂದಿಯ ನಡುವೆ ತೂರಿಕೊಂಡು, ಒಂದೇ ಉಸಿರಿಗೆ ಕೇಂದ್ರದ ದಾರಿ ಹಿಡಿದ.

ಸರಿಯಾಗಿ ನಾಲ್ಕಕ್ಕೆ ಮೃಣಾಲಿನಿ ಶೆಡ್ಡಿಗೆ ಬಂದಳು. ಕೈಯಲ್ಲಿ ಒಂದು ಲಕೋಟೆ, ಕೊರಳಲ್ಲಿ ಸ್ಟೆತಾಸ್ಕೋಪು. ಮೂಲೆಯ ಗೂಡಿನಲ್ಲಿ ಪೈಲ್ವಾನ ಎರಡು ಕಬ್ಬಿಣದ ಸರಳು ಬಗ್ಗಿಸಿ, ಮೂರನೆಯದಕ್ಕೆ ಕೈಹಾಕಿತ್ತು.

"ಇವತ್ತ ಭಾಳ ಹುರುಪಿನ್ಯಾಗದ," ಎಂದು ಅವಳು ನಕ್ಕಳು. ಸೈದಪ್ಪ ಕೊಂಬು ಹಿಡಿದ. ಅವಳು ಎದೆಗೆ ಸ್ಟೆತಾಸ್ಕೋಪು ಇಟ್ಟು ಕಣ್ಣು ಮುಚ್ಚಿದಳು. ಮುಖ ಅರಳಿತು.

"ಕಾಕಾ! ಎಂಥಾ ಪುಪ್ಪುಸರಿ ಇದು! ಹೊಸಾದು ಕೂಡಿಸೀವಿ ಅಂತ ಅನ್ಸಂಗೇ ಇಲ್ಲ. ಗ್ಯಾಸಿನ ಕೆಲಸ ಇಷ್ಟು ಚೊಲೋ ಆಗ್ಯದಂತ ಬರದ್ರ ಯಾರೂ ನಂಬಂಗಿಲ್ಲ!"

ಅವಳ ಕಣ್ಣಲ್ಲಿ ನೀರು ಬಂದದ್ದನ್ನು ಸೈದಪ್ಪ ನೋಡಿದ. ಈ ಹುಡುಗಿ ಇದನ್ನೇ ಬರೆಯುತ್ತಾಳೆ. ಕೊಯ್ಯುವಾಗ ಯಾರೋ ದೊಡ್ಡವರು ಉಣ್ಣೆ ಸರಿಸಿ ಹೊಲಿಗೆ ಹುಡುಕುತ್ತಾರೆ. ಮೂರು ವರ್ಷ ದುಡಿದು ಕೊನೆಗೆ ಸುಳ್ಳುಗಾತಿ ಅನ್ನಿಸಿಕೊಳ್ಳುತ್ತಾಳೆ.

"ಮೇಡಂರಿ," ಎಂದ. "ಅದು ಸೋಡಾ ಅಲ್ಲ. ನನ್ನ ಹೇಣ್ತಿ ಟಗರು. ಸೋಡಾನ್ನ ನಾ ಕದ್ದೇನಿ. ಕೊಯ್ಯೋದು ನೋಡಾಕ ಆಗಂಗಿಲ್ಲರಿ ನನ್ನ ಕೈಲಿ. ಬೇಕಂದ್ರ ನೌಕರಿ ತಗೀರಿ."

ಮೃಣಾಲಿನಿ ಪೈಲ್ವಾನನ ಎಡ ಪಕ್ಕೆಯ ಉಣ್ಣೆ ಸರಿಸಿದಳು. ಹೊಲಿಗೆಯ ಗುರುತಿರಲಿಲ್ಲ. ಮೇವಿನ ಡಬ್ಬದ ಮೇಲೆ ಕೂತಳು. ಆಮೇಲೆ ಲಕೋಟೆ ಚಾಚಿದಳು.

"ಓದ್ರಿ."

"ನೀವೇ ಓದ್ರಿ. ಅಕ್ಷರ ಕಾಣವಲ್ವು."

"ಸೋಡಾನ್ನ ಕೊಯ್ಯಂಗಿಲ್ಲ ಕಾಕಾ. ಸ್ಕ್ಯಾನಿನ್ಯಾಗ ಬೇಕಾದ್ದೆಲ್ಲ ಕಂಡದ. ಕೆಂಪು ಸುತ್ತು ಅಂದ್ರ ಪಟ್ಟಿಯಿಂದ ಹೆಸರು ತಗದೇವಿ ಅಂತ, ಅಷ್ಟೇ. ಕಾಕಾ ಇಷ್ಟು ದಿನ ನೋಡ್ಕೊಂಡಾರ, ಅವರ ಮನಿಗೇ ಕೊಡ್ರಿ ಅಂತ ನಾ ಎರಡು ತಿಂಗಳ ಹಿಂದನೇ ಅರ್ಜಿ ಹಾಕಿದ್ದೆ. ಇವತ್ತ ಮಂಜೂರಾಗ್ಯದ. ನಾಲ್ಕಕ್ಕ ನಿಮ್ಮ ಕೈಗೆ ಕೊಡಬೇಕಂತ ಬಂದೀನಿ."

ಸೈದಪ್ಪನಿಗೆ ಅಳುವೂ ನಗುವೂ ಒಟ್ಟಿಗೇ ಬಂದು, ಮೂಗಿನಿಂದ ವಿಚಿತ್ರ ಸದ್ದು ಹೊರಟಿತು. "ಹಂಗಾದ್ರ... ಇದನ್ನ ಕರಕೊಂಡು ಮನಿಗೆ ಹೋಗ್ಲೇನ್ರಿ?"

ಮೃಣಾಲಿನಿ ತಲೆ ಅಲ್ಲಾಡಿಸಿದಳು. "ಇದು ಹೋಗಂಗಿಲ್ಲ. ಹೊರಗಿನ ಟಗರು ಒಳಗ ಬಂದದ. ಇಪ್ಪತ್ತೊಂದು ದಿನ ಬ್ಯಾರೆ ಶೆಡ್ಡಿನ್ಯಾಗ ಇಡಬೇಕು. ಅದನ್ನ ನೋಡಿಕೊಳ್ಳಾವರೂ ಅಲ್ಲೇ ಇರಬೇಕು. ಉಳಿದ ಕುರಿಗಳಿಗೆ ಏನಾರೆ ಬ್ಯಾನಿ ಹತ್ತಿದ್ರ ಎಲ್ಲಾ ಹಾಳಾಗ್ತದ."

ಅಷ್ಟರಲ್ಲಿ ಗೇಟಿನಲ್ಲಿ ಗದ್ದಲವೆದ್ದಿತು. ಏಜಾಜನನ್ನು ಬದಿಗೆ ತಳ್ಳಿ ಕಾಶಿಬಾಯಿ ಒಳಗೆ ಬರುತ್ತಿದ್ದಳು. ಹಿಂದೆ ಅರ್ಧ ಓಣಿ.

"ಯಾರ ಟಗರ ತಂದು ಕಟ್ಟೀರಿ ಮನ್ಯಾಗ? ಪಕ್ಕಿಮ್ಯಾಗ ಗೇಣುದ್ದ ಹೊಲಿಗಿ ಅದ! ನನ್ನ ಪೈಲ್ವಾನ ಎಲ್ಲಿ?"

ಮೃಣಾಲಿನಿಯೇ ಎಲ್ಲ ಹೇಳಿದಳು. ಕಾಶಿಬಾಯಿ ಗಂಡನನ್ನು ನೋಡಿದಳು, ಸರಳು ಕಡಿಯುತ್ತಿದ್ದ ಪೈಲ್ವಾನನನ್ನು ನೋಡಿದಳು. ಸಿಟ್ಟು ಎಲ್ಲೋ ಸಡಿಲಾಯಿತು.

"ಆ ಬಡಪಾಯಿ ಬದಕ್ತದೇನವಾ?"

"ದಿನಾ ಎರಡು ಹೊತ್ತು ಗುಳಿಗಿ ಹಾಕಿದ್ರ ಬದಕ್ತದ ಬಾಯಾರ."

"ನಾ ಹಾಕ್ತೇನಿ. ಕೊಟ್ಟಿಗಿ ತೊಳದು ಸುಣ್ಣಾನೂ ಹೊಡೀತೇನಿ." ಗಂಡನತ್ತ ತಿರುಗಿದಳು. "ನಿಮ್ಮದನ್ನ ನಾ ನೋಡ್ಕೋತೇನಿ. ನಂದನ್ನ ನೀವು ನೋಡ್ಕೊಂಡು ಇಲ್ಲೇ ಇರ್ರಿ. ಒಂದು ಚೂರೂ ತೂಕ ಇಳೀಬಾರದು ಅದರದು."

ಸಂಜೆ ಆರಕ್ಕೆ ಪ್ರತ್ಯೇಕ ಶೆಡ್ಡಿನಲ್ಲಿ, ಎರಡು ಗುದ್ದು ತಿಂದ ಸೊಂಟವನ್ನು ನೀವಿಕೊಳ್ಳುತ್ತಾ ಕೂತಿದ್ದ ಸೈದಪ್ಪನಿಗೆ ವಿಡಿಯೊ ಕಾಲ್ ಬಂತು. ತೆರೆಯ ತುಂಬ ಸೋಡಾದ ಮೂತಿ. ಬೆಲ್ಲದ ಚೂರು ಮೆಲ್ಲುತ್ತಿತ್ತು. ಹಿಂದಿನಿಂದ ಕಾಶಿಬಾಯಿಯ ಕೈ ಅದರ ಹಣೆ ನೇವರಿಸುತ್ತಿತ್ತು.

"ಗುಳಿಗಿ ನುಂಗ್ತು. ಭಾಳ ಶಾಣ್ಯಾ ಅದ ಇದು," ಎಂದಳು ಕಾಶಿಬಾಯಿ.

ಸೈದಪ್ಪನ ಕಣ್ಣು ತುಂಬಿತು. "ಕಾಶೀ, ನಂದೇನು ಊಟಾ..."

"ನೀವು ಆ ಕಡಿ ಸರೀರಿ," ಎಂದಳು ಕಾಶಿಬಾಯಿ. "ಪೈಲ್ವಾನ ಕಾಣವಲ್ದು."