ನೋಡೋಣ ಅಂದ್ರು, ಬನ್ನಿ

ಬೋರ್ಡು ಹಿಡಿದು ರಸ್ತೆ ಬದಿಯಲ್ಲಿ ನಿಂತವರಿಗೆ ಒಂದಲ್ಲ ಒಂದು ಪ್ರಸಂಗ ತಾನಾಗಿಯೇ ಬಂದು ಗಂಟುಬೀಳುತ್ತದೆ. ನಾನೇನೂ ಹೋರಾಟಗಾರ್ತಿ ಅಲ್ಲ. ಹೂಸ್ಟನ್ನಿನ ಒಂದು ಆಸ್ಪತ್ರೆಯಲ್ಲಿ ಕಂಪ್ಯೂಟರ್ ಕೆಲಸ. ನನ್ನನ್ನು ಇದಕ್ಕೆ ಎಳೆದವನು ಅಲ್ಲಿನ ಫಾರ್ಮಸಿಸ್ಟ್. ಸುಡಾನ್ ದೇಶದವನು, ಓದಿದ್ದು ಮಾತ್ರ ನಮ್ಮ ಮೈಸೂರಿನಲ್ಲಿ. ನಾನು ಲಿಫ್ಟಿನಲ್ಲಿ ಫೋನ್ ಹಿಡಿದು ಅಮ್ಮನ ಹತ್ತಿರ ಜಗಳವಾಡುತ್ತಿದ್ದದ್ದನ್ನು ಪೂರ್ತಿ ಕೇಳಿಸಿಕೊಂಡು, "ಮೇಡಂ, ಅಮ್ಮನ್ ಹತ್ರ ಹಾಗೆಲ್ಲ ಮಾತಾಡ್ಬಾರ್ದು" ಅಂದ. ಅವತ್ತಿನಿಂದ ಗೆಳೆಯ.

ಅವನ ದೇಶದಲ್ಲಿ ಇಬ್ಬರು ಜನರಲ್‌ಗಳು ಕುರ್ಚಿಗಾಗಿ ಬಡಿದಾಡುತ್ತಿದ್ದಾರೆ. ಅವನ ಅಕ್ಕ ಅಲ್ಲಿ ಶಾಲೆಯೊಂದರ ಹೆಡ್‌ಮಿಸ್. ಈಗ ಪಾಠವಿಲ್ಲ. ಶಾಲೆಯ ಬಕೆಟ್‌ಗಳಲ್ಲಿ ಕಾಳು ನೆನೆಹಾಕಿ, ಮಾರನೆಯ ದಿನ ಬೇಯಿಸಿ ಇಡೀ ಬೀದಿಗೆ ಬಡಿಸುತ್ತಾಳೆ. ಯುದ್ಧ ನಿಲ್ಲುವವರೆಗೂ ಬಕೆಟ್ ಬಿಟ್ಟು ಬರುವುದಿಲ್ಲ ಎಂದು ಅವಳ ಹಠ. ಹಾಗಾಗಿ ಅಕ್ಕನನ್ನು ಕರೆಸಿಕೊಳ್ಳಲು ಇವನಿಗೆ ಉಳಿದದ್ದು ಒಂದೇ ದಾರಿ: ಯುದ್ಧ ನಿಲ್ಲಿಸುವುದು. ಅದನ್ನು ಅವನು ಟೆಕ್ಸಸ್‌ನಲ್ಲಿ ಕೂತು, ಶನಿವಾರ ಭಾನುವಾರಗಳಲ್ಲಿ ಮಾಡಿ ಮುಗಿಸಲು ಹೊರಟಿದ್ದ.

೧. ಗಾಡಿ ಕೆಟ್ಟಿದೆ

ಮೊದಲ ಸಭೆ ಸ್ಟಾಫರ್ಡ್‌ನ ಇಂಡಿಯನ್ ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ. ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿಗೆ ಇಂಗ್ಲಿಷ್ ಅಕ್ಷರದಲ್ಲಿ ಒಂದು ಮೆಸೇಜ್ ಹಾಕಿದೆ: "ಗೆಳೆಯನ ಸುಡಾನ್ ತುಂಬಾ ಕಷ್ಟದಲ್ಲಿದೆ. ಶನಿವಾರ ಹತ್ತು ಗಂಟೆಗೆ ಬಂದು ಕೈಜೋಡಿಸಿ." ನನ್ನ ಫೋನು ಮಹಾ ಬುದ್ಧಿವಂತ. ಸುಡಾನ್ ಅನ್ನು ತಿದ್ದಿ ಸೆಡಾನ್ ಮಾಡಿ ಕಳಿಸಿತು.

ಉತ್ತರಗಳು ಬಂದವು ನೋಡಿ! ಅಷ್ಟು ಉತ್ಸಾಹವನ್ನು ಆ ಗುಂಪಿನಲ್ಲಿ ನಾನು ಯುಗಾದಿಗೂ ಕಂಡಿರಲಿಲ್ಲ. "ಎಷ್ಟು ಮೈಲಿ ಓಡಿದೆ?" "ಟ್ರಾನ್ಸ್‌ಮಿಷನ್ ಹೋಗಿರುತ್ತೆ, ಮಾರ್ಬಿಡೋಕೆ ಹೇಳಿ." "ಬ್ಯಾಟರಿ ಚೆಕ್ ಮಾಡ್ಸಿದ್ರಾ?" ತಕ್ಷಣ ತಿದ್ದುಪಡಿ ಹಾಕಿದೆ: ಇದು ಕಾರಲ್ಲ, ದೇಶ. ಗುಂಪು ಗಪ್‌ಚುಪ್.

ಶನಿವಾರ ಇನ್ನೂರು ಜನರ ಗುಂಪಿನಿಂದ ಬಂದವರು ಒಬ್ಬರೇ. ತಿದ್ದುಪಡಿ ಓದಿರಲಿಲ್ಲ. ಕೈಯಲ್ಲಿ, ಸತ್ತ ಬ್ಯಾಟರಿಗೆ ಜೀವ ಕೊಡುವ ಜಂಪರ್ ಕೇಬಲ್ ಇತ್ತು. ಪಾಪ, ವಿಷಯ ತಿಳಿದ ಮೇಲೂ ಹೋಗದೆ ಎರಡು ಗಂಟೆ ಬೋರ್ಡು ಹಿಡಿದು ನಿಂತರು. ಹೊರಡುವಾಗ ಗೆಳೆಯನ ಭುಜ ತಟ್ಟಿ, "ಸ್ಟಾರ್ಟ್ ಆಗುತ್ತೆ ಬಿಡಿ, ಯೋಚ್ನೆ ಮಾಡ್ಬೇಡಿ" ಅಂದರು.

೨. ಒಂದು ಪಾರ್ಸೆಲ್

ಡಾಲಸ್‌ನಲ್ಲಿ ಮೆರವಣಿಗೆ ಮುಗಿಸಿ, ನನ್ನ ಪರಿಚಯದವರೊಬ್ಬರ ಗೃಹಪ್ರವೇಶವಿದೆ ಎಂದು ಅವನನ್ನೂ ಅಲ್ಲೇ ಪಕ್ಕದ ಫ್ರಿಸ್ಕೋಗೆ ಕರೆದುಕೊಂಡು ಹೋದೆ. ಮನೆಯ ಯಜಮಾನರು ಬಡಾವಣೆಯ ಸಂಘದ ಮೇಲೆ ಕೆಂಡ ಕಾರುತ್ತಿದ್ದರು. ಬಾಗಿಲಿಗೆ ಹಳದಿ ಬಣ್ಣ ಹೊಡೆಸಿದ್ದಕ್ಕೆ ನೋಟಿಸ್ ಬಂದಿತ್ತಂತೆ. "ನನ್ ಬಾಗ್ಲು, ನನ್ ಬಣ್ಣ! ಕೇಳೋಕೆ ಇವರ‍್ಯಾರು ರೀ?" ಎಂದು ಬಾಳೆಲೆಯ ಮೇಲೆ ಕೈ ಗುದ್ದಿದರು. ಸಾರು ನನ್ನ ಸೀರೆಗೆ ಬಂತು.

ಅದೇ ಉಸಿರಿನಲ್ಲಿ ಗೆಳೆಯನ ಕಡೆ ತಿರುಗಿ, "ನೀವೇನು ಹೋರಾಟ ಮಾಡೋದು?" ಎಂದು ಕೇಳಿದರು. ಮಿಲಿಟರಿ ಹೋಗಲಿ, ಜನರ ಸರ್ಕಾರ ಬರಲಿ ಅಂತ, ಎಂದ.

"ಅಯ್ಯೋ, ಮಿಲಿಟರಿನೇ ಸರಿ ಕಣಪ್ಪ. ನಮ್ ದೇಶಕ್ಕೂ ಒಂದೆರಡ್ ವರ್ಷ ಮಿಲಿಟರಿ ರೂಲ್ ಬರ್ಬೇಕು. ಆಗ ನೋಡು ಡಿಸಿಪ್ಲಿನ್!"

ಗೆಳೆಯ ಹೋಳಿಗೆ ಮುರಿಯುತ್ತಾ ತಣ್ಣಗೆ ಹೇಳಿದ: "ತಗೊಳ್ಳಿ ಅಂಕಲ್. ನಮ್ ಹತ್ರ ಎರಡಿದೆ. ಒಂದು ಪಾರ್ಸೆಲ್ ಮಾಡಿಸ್ತೀನಿ."

೩. ಆಸ್ಟಿನ್‌ನಲ್ಲಿ ಗೀಸರ್

ಆಸ್ಟಿನ್‌ನಲ್ಲಿ ಒಬ್ಬ ದೊಡ್ಡ ಜನಪ್ರತಿನಿಧಿಯ ಕಚೇರಿಗೆ ಹೋದಾಗ ಅಕ್ಕನ ಫೋನು ಸಿಕ್ಕದೆ ಹನ್ನೊಂದು ದಿನವಾಗಿತ್ತು. ಅವನು ಅಂಗಿ ಇಸ್ತ್ರಿ ಮಾಡಿಸಿಕೊಂಡು ಬಂದಿದ್ದ. ಅಲ್ಲಿನ ಸಹಾಯಕಿ ಬಹಳ ಒಳ್ಳೆಯ ಹೆಂಗಸು. ಕುಡಿಯಲು ನೀರು ಕೊಟ್ಟಳು. ಅಕ್ಕನ ಫೋಟೋ ನೋಡಿ ಲೊಚಗುಟ್ಟಿದಳು. ಎಲ್ಲವನ್ನೂ ಬರೆದುಕೊಂಡು, ಕೊನೆಗೆ ಎದೆಯ ಮೇಲೆ ಕೈಯಿಟ್ಟು, ಖಂಡಿತ ಇದನ್ನು ನೋಡುತ್ತೇವೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ನನಗೆ ಖುಷಿಯಾಯಿತು. ಅವನು ಮಾತ್ರ ಎದ್ದು ನಿಂತು ಕನ್ನಡದಲ್ಲಿ, "ನೋಡೋಣ ಅಂದ್ರು. ಬನ್ನಿ, ಹೋಗೋಣ" ಅಂದ.

ಕಾರಿನಲ್ಲಿ ಬೈದೆ. "ಅಷ್ಟು ಚೆನ್ನಾಗಿ ಮಾತಾಡಿದ್ರಲ್ಲ, ಯಾಕೆ ಹೀಗಂತೀಯ?"

"ಮೇಡಂ, ಮೈಸೂರಲ್ಲಿ ಓನರ್ ಆಂಟಿ ಹತ್ರ ಗೀಸರ್ ಹಾಕ್ಸಿಕೊಡಿ ಅಂತ ಕೇಳಿದ್ದೆ. ನಗ್‌ನಗ್ತಾ ನೋಡೋಣ ಅಂದ್ರು. ಕಾಫಿನೂ ಕೊಟ್ರು. ನಾಲ್ಕು ವರ್ಷ ತಣ್ಣೀರು ಸ್ನಾನ ಮಾಡಿದ್ ಮೇಲೆ ನಂಗೆ ಆ ಪದದ ಅರ್ಥ ಗೊತ್ತಾಯ್ತು."

ನಾನು ಮೈಸೂರಿನವಳೇ. ಕಾರು ಸ್ಟಾರ್ಟ್ ಮಾಡಿದೆ.

೪. ಅಕ್ಕನ ಪ್ರಶ್ನೆ

ವಾಪಸ್ ಬರುವ ದಾರಿಯಲ್ಲಿ ಪೆಟ್ರೋಲ್ ಹಾಕಿಸಲು ನಿಲ್ಲಿಸಿದೆವು. ಅವನ ಫೋನು ಬಡಿದುಕೊಂಡಿತು. ಅಕ್ಕ! ಅವನು ಕಾರಿನಿಂದ ಧುಮುಕಿ, ಪಂಪಿನ ಪಕ್ಕ ನಿಂತು ಅರಬ್ಬಿಯಲ್ಲಿ ಕೂಗಾಡಿದ. ಒಂದು ನಿಮಿಷವೂ ಇಲ್ಲ, ಲೈನ್ ಕಟ್ಟಾಯಿತು. ಅವನು ಮುಖ ಒರೆಸಿಕೊಳ್ಳುತ್ತಾ ನಗುತ್ತಿದ್ದ. ನಾನೂ ಇಳಿದು ಓಡಿದೆ.

"ಏನಂದ್ರು? ಹುಷಾರಾಗಿದಾರಾ?"

"ಇದಾಳೆ. ದೊಡ್ಡೋರ್ ಹತ್ರ ಹೋಗಿದ್ದೆ ಅಂದೆ. 'ಯುದ್ಧ ನಿಲ್ಲಿಸ್ತಾರಂತಾ?' ಅಂತ ಕೇಳಿದ್ಲು. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ ಮೇಡಂ. 'ನಶೂಫ್' ಅಂದೆ."

"ಹಾಗಂದ್ರೆ?"

"ನೋಡೋಣ."

ನನಗೂ ನಗು ಬಂತು. ನಗಬಾರದಿತ್ತು. "ಅವರೇನಂದ್ರು?"

"ಜೋರಾಗಿ ನಕ್ಕಳು. ಒಂದು ವರ್ಷ ಆಗಿತ್ತು ಅವಳ ನಗು ಕೇಳಿ. ಆಮೇಲೆ, 'ಸರಿ ಬಿಡು, ಹಾಗಾದ್ರೆ ನಾಳೆಗೂ ಕಾಳು ನೆನೆಹಾಕ್ತೀನಿ' ಅಂದ್ಲು."